ಫೋಕ್‌ಬೋಟ್ ಎಂಟನೇ ಒಂದಕ್ಕೆ: ಚಿತ್ರದುರ್ಗದಲ್ಲಿ ಕಟ್ಟಿ, ಕೃಷಿ ಹೊಂಡದಲ್ಲಿ ಮಗುಚಿ ನೋಡುವ ಬಗೆ

ಹಳೇ ಮಾದರಿಯ ಹಾಯಿದೋಣಿಗಳು ಬಿರುಗಾಳಿಯಲ್ಲಿ ಯಾಕೆ ಉಳಿಯುತ್ತವೆ ಅನ್ನುವುದು ಬೇಗ ತಲೆಗೆ ಹತ್ತಬೇಕಾದರೆ ಅಂಥದೊಂದನ್ನು ಅಳತೆ ಇಳಿಸಿ ಕಟ್ಟಬೇಕು, ಆಮೇಲೆ ಬೇಕೆಂದೇ ತಲೆಕೆಳಗು ಮಾಡಿ ನೋಡಬೇಕು. ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರ್ ಆಚೆ ಇದೆ, ನಿಜ. ಆದರೆ ಚಿತ್ರದುರ್ಗದಲ್ಲಿ ಹಗುರವಾದ ಹೆಬ್ಬೇವಿನ ಮರ ಸಿಗುತ್ತದೆ, ಅದನ್ನು ಸೀಳಿಕೊಡುವ ಸಾಮಿಲ್ ಇದೆ, ಅಡಿಕೆ ತೋಟಗಳಲ್ಲಿ ಆಳವಾದ ಕೃಷಿ ಹೊಂಡಗಳಿವೆ. ಗಾಳಿಯ ಮಾತು ಕೇಳಲೇಬೇಡಿ, ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಸಾಕ್ಷಿ.

ನಾನು ಕಟ್ಟುವುದು ನಾರ್ಡಿಕ್ ಫೋಕ್‌ಬೋಟನ್ನು. ಸ್ಕ್ಯಾಂಡಿನೇವಿಯಾದ ದೋಣಿ ಸಂಘಗಳು ವಿನ್ಯಾಸ ಸ್ಪರ್ಧೆ ಇಟ್ಟಾಗ ಬಂದ ನಕ್ಷೆಗಳಲ್ಲಿ ಯಾವುದೂ ಇಡಿಯಾಗಿ ಒಪ್ಪಿಗೆಯಾಗಲಿಲ್ಲ. ಚೆನ್ನಾಗಿದ್ದವುಗಳ ಅಂಶಗಳನ್ನು ಕೂಡಿಸಿ ಸ್ವೀಡನ್ನಿನ ಟೋರ್ಡ್ ಸುಂಡೆನ್ ಕೊನೆಯ ರೇಖೆ ಎಳೆದರು, 1942ರಲ್ಲಿ ಮೊದಲ ದೋಣಿ ನೀರಿಗಿಳಿಯಿತು. ಉದ್ದ 7.68 ಮೀಟರ್, ನೀರುಗೆರೆಯಲ್ಲಿ (ತೇಲುವಾಗ ನೀರು ಒಡಲಿಗೆ ತಾಗುವ ಗೆರೆ) 6 ಮೀಟರ್, ಅಗಲ 2.20, ನೀರೊಳಗಿನ ಆಳ 1.20. ತೂಕ ಹತ್ತಿರಹತ್ತಿರ 2 ಟನ್, ಅದರಲ್ಲಿ ಅರ್ಧ ಎರಕದ ಕಬ್ಬಿಣದ ಕೀಲ್, ಅಂದರೆ ಒಡಲ ಅಡಿಯಲ್ಲಿ ಉದ್ದಕ್ಕೂ ಇಳಿದ ಭಾರದ ದಿಂಡು. ಹಾಯಿ 24 ಚದರ ಮೀಟರ್. ಇದರ ಒಡಲನ್ನೇ ಸ್ವಲ್ಪ ಮಾರ್ಪಡಿಸಿ, ಚೀನೀ ಜಂಕ್ ಹಾಯಿ ಕಟ್ಟಿದ ‘ಜೆಸ್ಟರ್’ನಲ್ಲಿ ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ 1960ರಲ್ಲಿ ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಿದರು.

ಭಾರತದವರಿಗೆ ಸುಹೈಲಿ ಹತ್ತಿರದ ಹೆಸರು. ಮುಂಬಯಿಯಲ್ಲಿ ತೇಗದಲ್ಲಿ ಕಟ್ಟಿದ 32 ಅಡಿಯ ದೋಣಿ ಅದು. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಅದರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಿಟ್ಟು, 1969ರ ಏಪ್ರಿಲ್ 22ರಂದು ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಅಲ್ಲಿಗೇ ಬಂದರು. ಆದರೆ ಅದಕ್ಕೆ ಎರಡು ಕೂವೆಮರ (ಹಾಯಿ ಕಟ್ಟುವ ಕಂಬ), ಮುಂದೆ ಚಾಚಿದ ದಂಡ, ಹಗ್ಗಗಳ ದೊಡ್ಡ ಜಾಲ. ಮೊದಲ ಮಾದರಿಗೆ ಅದು ಬೇಡ. ಫೋಕ್‌ಬೋಟಿಗೆ ಒಂದೇ ಕೂವೆಮರ, ಎರಡೇ ಹಾಯಿ.

ಲೆಕ್ಕ ಮೊದಲು. ಎಂಟನೇ ಒಂದಕ್ಕೆ ಇಳಿಸಿದರೆ ಉದ್ದ 96 ಸೆಂ.ಮೀ., ಅಗಲ 27.5, ಆಳ 15. ಹಾಯಿಯನ್ನು 64ರಿಂದ ಭಾಗಿಸಬೇಕು: 0.375 ಚದರ ಮೀಟರ್. ತೂಕವನ್ನು 512ರಿಂದ: ಕಡಲ ನೀರಿಗೆ 3.9 ಕೆ.ಜಿ., ನಮ್ಮ ಸಿಹಿ ನೀರಿಗೆ 3.8. ಈ 3.8ರ ಆಯವ್ಯಯವನ್ನು ಗೋಡೆ ಮೇಲೆ ಬರೆದುಕೊಂಡೇ ಕೆಲಸ ಶುರು ಮಾಡಬೇಕು. ಕೀಲ್‌ಗೆ 1.95, ಡೆಕ್ ಸೇರಿ ಒಡಲಿಗೆ 1.1, ಕೂವೆಮರ-ಹಾಯಿ-ತಂತಿಗೆ 0.25, ದಡದಿಂದಲೇ ದೋಣಿ ನಡೆಸುವ ರೇಡಿಯೋ-ಮೋಟಾರು-ಬ್ಯಾಟರಿಗೆ 0.35. ಉಳಿದ 150 ಗ್ರಾಂ ಕೊನೆಗೆ ಮುಂದೆ-ಹಿಂದೆ ಸರಿದೂಗಿಸುವ ಸೀಸಕ್ಕೆ. ಒಡಲು 1.1 ದಾಟಿದರೆ ಆ ಹೆಚ್ಚಳವನ್ನು ಕೀಲ್‌ನಿಂದ ಕದಿಯಬೇಕಾಗುತ್ತದೆ, ಕೀಲ್‌ನಿಂದ ಕದ್ದ ಮೇಲೆ ಈ ಇಡೀ ಪ್ರಯೋಗಕ್ಕೆ ಅರ್ಥವಿಲ್ಲ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಗಾಳಿ ದೋಣಿಯನ್ನು ವಾಲಿಸುವ ಶಕ್ತಿ (ಬಲವನ್ನು ಅದರ ಎತ್ತರದಿಂದ ಗುಣಿಸಿದ್ದು) ಅಳತೆಯ ಮೂರನೇ ಘಾತದಂತೆ ಇಳಿದರೆ, ಅದನ್ನು ಎತ್ತಿ ನಿಲ್ಲಿಸುವ ಶಕ್ತಿ ನಾಲ್ಕನೇ ಘಾತದಂತೆ ಇಳಿಯುತ್ತದೆ. ಹಾಗಾಗಿ ಮಾದರಿ ಯಾವಾಗಲೂ ನಿಜ ದೋಣಿಗಿಂತ ಸುಲಭವಾಗಿ ವಾಲುತ್ತದೆ. ಗಾಳಿಯ ವೇಗವನ್ನು 8ರ ವರ್ಗಮೂಲದಿಂದ, ಅಂದರೆ 2.8ರಿಂದ ಗುಣಿಸಿದರೆ ನಿಜ ದೋಣಿಯ ಮೇಲಿನ ಗಾಳಿ ಸಿಗುತ್ತದೆ. ಭೀಮಸಮುದ್ರದ ಕೆರೆಯ ಮೇಲೆ ಗಂಟೆಗೆ 13 ಕಿ.ಮೀ. ತಂಗಾಳಿ ಅಂದರೆ ನಮ್ಮ ಪುಟ್ಟ ದೋಣಿಗೆ 37 ಕಿ.ಮೀ. ಬಿರುಸು. ಆಷಾಢದ ಗಾಳಿಯಲ್ಲಂತೂ ಅದಕ್ಕೆ ದಕ್ಷಿಣ ಸಾಗರವೇ ಎದುರು ಬಂದ ಹಾಗೆ. ಇದು ಗೊತ್ತಿಲ್ಲದವರು ದೋಣಿ ಮಲಗಿತೆಂದು ಕೀಲನ್ನು ಉದ್ದ ಮಾಡಿಬಿಡುತ್ತಾರೆ. ಓಟಕ್ಕೆ ಅದು ಸರಿ, ಹಳೇ ದೋಣಿಯ ನಡತೆ ನೋಡಬೇಕೆಂದರೆ ಸರಿಯಲ್ಲ. ಉಳಿದಿರುವ ದಾರಿ ಗಾಳಿ ಕಡಿಮೆ ಇರುವ ಹೊತ್ತು ಆರಿಸಿಕೊಳ್ಳುವುದು. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ತೆಗೆಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದುಹಾಕಲು ಹೇಳಿ. ಅದು ಇದ್ದರೆ ಮೂರು-ನಾಲ್ಕು ಶೇಕಡಾ ಕುಗ್ಗುತ್ತದೆ, ತೂಕದಲ್ಲಿ ಅದು ಹತ್ತು ಶೇಕಡಾದ ಆಸುಪಾಸು. ಹಾಳೆ ಕೈಗೆ ಬಂದ ಕೂಡಲೇ ಸ್ಟೀಲ್ ಸ್ಕೇಲಿಟ್ಟು ನೀರುಗೆರೆ 75 ಸೆಂ.ಮೀ. ಇದೆಯೇ ನೋಡಿ. ಅಡ್ಡಚೌಕಟ್ಟುಗಳನ್ನು 6 ಮಿ.ಮೀ. ಪ್ಲೈವುಡ್‌ನಲ್ಲಿ ಕತ್ತರಿಸಿ, 9.5 ಸೆಂ.ಮೀ. ಅಂತರದಲ್ಲಿ ತಲೆಕೆಳಗಾಗಿ ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ ಮೇಲೆ ನಿಲ್ಲಿಸುತ್ತೇನೆ. ಮರದ ಹಲಗೆ ಮೇಲೆ ನಿಲ್ಲಿಸಿದರೆ ಮಳೆಗಾಲ-ಬೇಸಿಗೆಗೆ ಹಲಗೆ ತಿರುಚಿಕೊಳ್ಳುತ್ತದೆ, ಒಡಲೂ ಜೊತೆಗೆ ತಿರುಚುತ್ತದೆ. ತಿರುಚಿದ ಒಡಲು ಒಂದು ಕಡೆಗೆ ಚೆನ್ನಾಗಿ, ಇನ್ನೊಂದು ಕಡೆಗೆ ಕೆಟ್ಟದಾಗಿ ಓಡುತ್ತದೆ, ಅದಕ್ಕೆ ಆಮೇಲೆ ಮದ್ದಿಲ್ಲ.

ನಿಜ ಫೋಕ್‌ಬೋಟಿನ ಹಲಗೆಗಳು ಒಂದರ ಮೇಲೊಂದು ಅಂಚು ಹಾಯಿಸಿ, ತಾಮ್ರದ ಮೊಳೆ ಬಡಿದು ಮಡಿಸಿದವು. ಈ ಅಳತೆಯಲ್ಲಿ ಆ ಕುಸುರಿ ಬೇಕಿಲ್ಲ. ಹೆಬ್ಬೇವಿನ 3 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಪಟ್ಟಿಗಳು ಸಾಕು. ಸಾಮಿಲ್‌ನಲ್ಲಿ ಈ ಅಳತೆ ಹೇಳಿದರೆ ‘ಊದಿನಕಡ್ಡಿ ಮಾಡ್ತೀರಾ ಸಾರ್?’ ಅನ್ನುತ್ತಾರೆ. ದೊಡ್ಡ ಗರಗಸಕ್ಕೆ ಅದು ಆಗುವುದೂ ಇಲ್ಲ. ಅಲ್ಲಿ 25 ಮಿ.ಮೀ. ಹಲಗೆ ಮಾಡಿಸಿಕೊಂಡು, ಪೀಠೋಪಕರಣ ಮಾಡುವವರ ಟೇಬಲ್ ಗರಗಸದಲ್ಲಿ ಸಣ್ಣ ಹಲ್ಲಿನ ಬ್ಲೇಡ್ ಹಾಕಿಸಿ ಸೀಳಿಸಬೇಕು. ಒಂದು ಬದಿಗೆ 28-30 ಪಟ್ಟಿ ಹಿಡಿಯುತ್ತದೆ. ಗಂಟಿರುವುದನ್ನೂ ಎಳೆ ಓರೆ ಹೋದದ್ದನ್ನೂ ತೆಗೆಯಬೇಕಾದ್ದರಿಂದ ತೊಂಬತ್ತು ಸೀಳಿಸಿಡಿ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಹೆಬ್ಬೇವು ಅಂಟಿಸಿದ ಮೇಲೆ ಕುಗ್ಗಿ ಪ್ರತಿ ಕೂಡಿನಲ್ಲೂ ಕೂದಲೆಳೆ ಬಿರುಕು ಬಿಡುತ್ತದೆ. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಬದಿ ಮುಗಿಸಿದರೆ ಬೆನ್ನೆಲುಬು ಆ ಕಡೆಗೆ ಬಾಗುತ್ತದೆ.

ಅಂಟು ಮತ್ತು ಹೊದಿಕೆ ಎರಡಕ್ಕೂ ಎಪಾಕ್ಸಿ. ನೀರಿನ ಟ್ಯಾಂಕು, ಬಸ್ಸಿನ ಬಾಡಿ ಮಾಡುವವರು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಬರೀ ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ವರ್ಷ ಕಳೆದ ಮೇಲೆ ಹಾಳೆಯಾಗಿ ಏಳುತ್ತದೆ. ಜೊತೆಗೆ ಅದು ಥರ್ಮೋಕೋಲನ್ನು ಕರಗಿಸುತ್ತದೆ. ಅದನ್ನು ಬಳಸಲೇಬೇಕಾದವರು ಒಂದು ಮಾತು ನೆನಪಿಡಿ: ಕೋಬಾಲ್ಟ್ ವೇಗವರ್ಧಕವನ್ನೂ ಗಟ್ಟಿಮಾಡುವ ಪೆರಾಕ್ಸೈಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು, ಸಿಡಿಯುತ್ತದೆ. ಮೊದಲು ಒಂದನ್ನು ರೆಸಿನ್‌ಗೆ ಕಲಸಿ, ಆಮೇಲೆ ಇನ್ನೊಂದು. ಎಪಾಕ್ಸಿಗೆ ನಮ್ಮ ಏಪ್ರಿಲ್ ಬಿಸಿಲು ಶತ್ರು. 38 ಡಿಗ್ರಿಯಲ್ಲಿ ಲೋಟದಲ್ಲಿ ಕಲಸಿಟ್ಟರೆ ಕೆಲವೇ ನಿಮಿಷದಲ್ಲಿ ಹೊಗೆಯಾಡಿ ಗಟ್ಟಿಯಾಗುತ್ತದೆ. 50 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಅಗಲ ತಟ್ಟೆಗೆ ಸುರಿದುಕೊಳ್ಳಿ. ಮಳೆಗಾಲದಲ್ಲಿ ಮೇಲ್ಮೈಯಲ್ಲಿ ಜಿಡ್ಡು ಜಿಡ್ಡಾದ ಪೊರೆ ಕಟ್ಟುತ್ತದೆ. ಅದನ್ನು ನೀರಿನಿಂದ ಉಜ್ಜಿ ತೊಳೆದು ಒಣಗಿಸಿದ ನಂತರವೇ ಉಪ್ಪುಕಾಗದ ಹಿಡಿಯಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೆ ಹೋಗಿ ಬಣ್ಣ ಕಿತ್ತುಬರುತ್ತದೆ. ಗಾಜಿನ ಬಟ್ಟೆ ಚದರ ಮೀಟರಿಗೆ 100 ಗ್ರಾಂನದ್ದು, ಹೊರಗೊಂದು ಪದರ, ಒಳಗೊಂದು ಪದರ.

ಈಗ ಕೀಲ್. ದೋಣಿಯ ಜೀವ ಇರುವುದು ಇಲ್ಲೇ. ಸೀಸ ಕರಗಿಸಿ ಎರಕ ಹೊಯ್ಯುವುದು ಸುಲಭವೇನೋ ಹೌದು, 327 ಡಿಗ್ರಿಗೆ ಕರಗುತ್ತದೆ. ಆದರೆ ಅಚ್ಚಿನಲ್ಲಿ ಒಂದು ಹನಿ ತೇವ ಉಳಿದಿದ್ದರೂ ಹಬೆಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ, ಹೊಗೆ ಬೇರೆ ವಿಷ. ಗುಜರಿಯ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆಯನ್ನು ಮನೆ ಹತ್ತಿರವೂ ಬಿಟ್ಟುಕೊಳ್ಳಬೇಡಿ. ನಾನು ಮಾಡುವುದು ತಣ್ಣಗಿನ ದಾರಿ: ಮೀನುಬಲೆಗೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ಕೀಲ್‌ನ ಆಕಾರದ ಗಾಜುನಾರಿನ ತೊಟ್ಟಿಲಲ್ಲಿ ತುಂಬಿ ಎಪಾಕ್ಸಿ ಹೊಯ್ಯುವುದು. ಶುದ್ಧ ಸೀಸದ ಸಾಂದ್ರತೆ 11.3. ಗುಂಡುಗಳ ನಡುವಿನ ಸಂದಿಗೆ ಎಪಾಕ್ಸಿ ತುಂಬಿದಾಗ ಒಟ್ಟು 7ರ ಆಸುಪಾಸಿಗೆ ಇಳಿಯುತ್ತದೆ. ಎರಕದ ಕಬ್ಬಿಣವೂ ಅಷ್ಟೇ. ಅಂದರೆ ನಿಜ ಫೋಕ್‌ಬೋಟಿನ ಕಬ್ಬಿಣದ ಕೀಲ್ ಎಷ್ಟು ಜಾಗ ತಿನ್ನುತ್ತದೋ ಇದೂ ಅಷ್ಟೇ ತಿನ್ನುತ್ತದೆ, ಭಾರದ ಕೇಂದ್ರ ತಾನಾಗಿ ನಿಜವಾದ ಎತ್ತರದಲ್ಲಿ ಬಂದು ಕೂರುತ್ತದೆ. ಶುದ್ಧ ಸೀಸ ಹಾಕಿದರೆ ಮಾದರಿ ನಿಜ ದೋಣಿಗಿಂತ ಗಟ್ಟಿಗವಾಗಿ ಸುಳ್ಳು ಹೇಳುತ್ತದೆ. ನಿಮ್ಮ ಗುಂಡು ಎಷ್ಟು ಒತ್ತೊತ್ತಾಗಿ ಕೂರುತ್ತದೆ ಎಂದು ತಿಳಿಯಲು 100 ಮಿ.ಲೀ. ಅಳತೆ ಲೋಟಕ್ಕೆ ತುಂಬಿ, ಕುಟ್ಟಿ ತೂಗಿ. 620-660 ಗ್ರಾಂ ಬಂದರೆ ಸರಿ. ಕಡಿಮೆ ಬಂದರೆ ಎರಡು ಗಾತ್ರದ ಗುಂಡು ಬೆರೆಸಿ. ಎಪಾಕ್ಸಿಯನ್ನು ಮೂರು ಸಲವಾಗಿ ಹೊಯ್ಯಬೇಕು, ಒಂದೇ ಸಲಕ್ಕೆ ತುಂಬಿದರೆ ಒಳಗಿನ ಬಿಸಿ ಹೊರಬರಲಾಗದೆ ತೊಟ್ಟಿಲೇ ಸೊಟ್ಟಗಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಕೆಲಸವಾದ ಮೇಲೆ ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ.

ಒಡಲಿಗೆ ಜೋಡಿಸಲು 5 ಮಿ.ಮೀ. ಸ್ಟೇನ್‌ಲೆಸ್ ಸ್ಟಡ್ ಮೂರು. ದೊಡ್ಡ ದೋಣಿಗಳಲ್ಲೂ ಹಳತಾದಾಗ ಮೊದಲು ಅನುಮಾನಿಸಬೇಕಾದ್ದು ಕೀಲ್ ಬೋಲ್ಟುಗಳನ್ನೇ. ಮರ ಮತ್ತು ಕಬ್ಬಿಣದ ನಡುವಿನ ಕತ್ತಲಲ್ಲಿ ಅವು ತುಕ್ಕು ಹಿಡಿದು ಸೊಂಟ ತೆಳುವಾಗಿರುತ್ತವೆ, ಮೇಲೆ ನೋಡಿದರೆ ನಟ್ಟು ಹೊಸದರಂತೆ ಹೊಳೆಯುತ್ತಿರುತ್ತದೆ. ಕೀಲ್‌ಗೆ ಅಂಟಿದ ಮೊದಲ ಹಲಗೆಯ ಸಂದು ಎರಡನೇ ಅನುಮಾನದ ಜಾಗ. ಸುಹೈಲಿಯಲ್ಲೂ ನೀರು ಸೋರಿದ್ದು ಅಲ್ಲೇ. ನಾಕ್ಸ್-ಜಾನ್‌ಸ್ಟನ್ ನಡುಗಡಲಿನಲ್ಲಿ ನೀರಿಗಿಳಿದು, ಮುಳುಗಿ ಮುಳುಗಿ ಸಂದಿಗೆ ಹತ್ತಿ ತುರುಕಿ ಮೇಲೆ ತಾಮ್ರದ ಪಟ್ಟಿ ಹೊಡೆದರು. ಮಾದರಿಯಲ್ಲಿ ಆ ಸಂದಿಗೆ ಗಾಜಿನ ಬಟ್ಟೆಯ 3 ಸೆಂ.ಮೀ. ಪಟ್ಟಿ ಸಾಕು.

ಡೆಕ್ ಮುಚ್ಚುವ ಮುಂಚೆ ಒಳಗೆ ಎರಡು ಲೀಟರ್ ಗಾತ್ರದಷ್ಟು ಥರ್ಮೋಕೋಲ್ ತುಂಬಿ, ಮುಂದೆ ಅರ್ಧ, ಹಿಂದೆ ಅರ್ಧ. ಸೀಸದ ಕೀಲ್ ನೀರೊಳಗೂ 1.65 ಕೆ.ಜಿ.ಯಷ್ಟು ಎಳೆಯುತ್ತದೆ. ಇದಿಲ್ಲದಿದ್ದರೆ ಸೋರಿದ ದೋಣಿ ಕೆರೆಯ ತಳಕ್ಕೆ ಹೋಗುತ್ತದೆ. ಫೋಕ್‌ಬೋಟ್ ಬಗ್ಗೆ ಅಭಿಮಾನಿಗಳು ಮೆಲ್ಲಗೆ ಹೇಳುವ ಸಂಗತಿಯೂ ಇದೇ: ಮೂಲ ದೋಣಿಯ ಕೂರುವ ಗುಂಡಿ ತೆರೆದದ್ದು, ಒಳಬಂದ ನೀರು ತಾನಾಗಿ ಹೊರಹೋಗುವುದಿಲ್ಲ. ಜೆಸ್ಟರ್‌ನಲ್ಲಿ ಹ್ಯಾಸ್ಲರ್ ಅದನ್ನು ಪೂರ್ತಿ ಮುಚ್ಚಿ, ಒಂದು ಗುಂಡು ಕಿಂಡಿಯಿಂದಲೇ ಎಲ್ಲ ನಡೆಸುವಂತೆ ಮಾಡಿಕೊಂಡರು. ನಾನು ಗುಂಡಿಗೆ ಬಿಗಿಯಾದ ಮುಚ್ಚಳ ಇಟ್ಟು, ಬೇಕಾದಾಗ ತೆಗೆಯುವಂತೆ ಮಾಡಿರುತ್ತೇನೆ. ಅದರ ಕಾರಣ ಹೊಂಡದ ಪರೀಕ್ಷೆಯಲ್ಲಿ ಬರುತ್ತದೆ.

ಕೂವೆಮರಕ್ಕೆ 10 ಮಿ.ಮೀ. ಅಲ್ಯೂಮಿನಿಯಂ ಕೊಳವೆ, ಗೋಡೆ 1 ಮಿ.ಮೀ., 1.2 ಮೀಟರ್ ಉದ್ದಕ್ಕೆ 90 ಗ್ರಾಂ. ಎರಡೂ ತುದಿ ಎಪಾಕ್ಸಿಯಿಂದ ಮುಚ್ಚಿರಬೇಕು. ನೀರು ತುಂಬಿದ ಕೂವೆಮರ ಮಗುಚಿದ ದೋಣಿಯನ್ನು ಏಳಗೊಡುವುದಿಲ್ಲ. ಹಾಯಿಗೆ ಕೊಡೆ ಬಟ್ಟೆ ಬೇಡ, ಓರೆ ಎಳೆದರೆ ಹಿಗ್ಗುತ್ತದೆ. ಎಂಜಿನಿಯರಿಂಗ್ ಸಾಮಗ್ರಿ ಅಂಗಡಿಯ ಡ್ರಾಫ್ಟಿಂಗ್ ಫಿಲ್ಮ್ ಚೆನ್ನ. ಚುಕ್ಕಾಣಿಗೆ ಸಾಮಾನ್ಯ ಸರ್ವೋ (ರೇಡಿಯೋ ಹೇಳಿದಷ್ಟು ತಿರುಗುವ ಪುಟ್ಟ ಮೋಟಾರು), ಹಾಯಿ ಎಳೆಯಲು 10 ಕೆ.ಜಿ.-ಸೆಂ.ಮೀ.ಗಿಂತ ಬಲವಾದದ್ದು. ಈಗಿನ ರೇಡಿಯೋ ತರಂಗ ನೀರಿನೊಳಗೆ ಹೋಗದು, ಆಂಟೆನಾ ಡೆಕ್‌ಗೆ ತಾಗುವಷ್ಟು ಮೇಲಿರಲಿ.

ಸಮತೋಲದ ಒಂದು ಪರೀಕ್ಷೆ ಇದೆ, ಬಿಡಬೇಡಿ. ನಿಂತ ನೀರಿನಲ್ಲಿ ಒಡಲನ್ನು ತೇಲಿಸಿ, ಬದಿಯಿಂದ ಕಡ್ಡಿಯಲ್ಲಿ ನಿಧಾನಕ್ಕೆ ತಳ್ಳಿ. ಒಂದು ಕಡೆ ತಳ್ಳಿದರೆ ಮೂತಿ ತಿರುಗುತ್ತದೆ, ಇನ್ನೊಂದು ಕಡೆ ಬಾಲ ತಿರುಗುತ್ತದೆ. ನಡುವೆ ಯಾವುದೋ ಒಂದು ಬಿಂದುವಿನಲ್ಲಿ ಇಡೀ ದೋಣಿ ತಿರುಗದೆ ಅಡ್ಡಡ್ಡ ಸರಿಯುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಹಾಯಿಗಳ ಒಟ್ಟು ಕೇಂದ್ರ ಆ ಗುರುತಿಗಿಂತ 7 ಸೆಂ.ಮೀ.ಯಷ್ಟು, ಅಂದರೆ ನೀರುಗೆರೆಯ ಹತ್ತನೇ ಒಂದರಷ್ಟು, ಮುಂದಿರಬೇಕು. ಹಿಂದೆ ಬಿದ್ದರೆ ದೋಣಿ ಸದಾ ಗಾಳಿಗೆ ಮುಖ ತಿರುಗಿಸಿ ನಿಲ್ಲುತ್ತದೆ, ಚುಕ್ಕಾಣಿಯನ್ನು ಸದಾ ಅಡ್ಡ ಹಿಡಿದಿರಬೇಕಾಗುತ್ತದೆ. ಸರಿಯಾಗಿ ಕೂತ ಉದ್ದ ಕೀಲ್‌ನ ದೋಣಿಯಾದರೆ ಚುಕ್ಕಾಣಿ ಕಟ್ಟಿಟ್ಟರೂ ಬಹಳ ದೂರ ನೇರ ಹೋಗುತ್ತದೆ. ಒಬ್ಬಿಬ್ಬರೇ ತಿಂಗಳುಗಟ್ಟಲೆ ಹೋಗುವವರು ಇವತ್ತಿಗೂ ಇಂಥ ದೋಣಿ ಹುಡುಕುವುದಕ್ಕೆ ವೇಗಕ್ಕಿಂತ ಇದು ದೊಡ್ಡ ಕಾರಣ: ನಿದ್ದೆ ಮಾಡಬಹುದು.

ಇನ್ನು ನೀರಿನ ತೊಟ್ಟಿಯಲ್ಲಿ ಮಾಡುವ ಪರೀಕ್ಷೆಗಳು. ಮೊದಲು ನಿಂತ ಸ್ಥಿರತೆ. ಡೆಕ್ ನಡುವಿನ 200 ಗ್ರಾಂ ಬೊಟ್ಟನ್ನು 10 ಸೆಂ.ಮೀ. ಪಕ್ಕಕ್ಕೆ ಸರಿಸಿ, ಕೂವೆಮರಕ್ಕೆ ಕಟ್ಟಿದ 50 ಸೆಂ.ಮೀ. ತೂಗುದಾರ ಎಷ್ಟು ಸರಿಯಿತು ನೋಡಿ. 3.3 ಸೆಂ.ಮೀ. ಸರಿದರೆ ಮೆಟಾಸೆಂಟರ್ ಎತ್ತರ (ನೆಟ್ಟಗೆ ನಿಂತ ದೋಣಿ ವಾಲಲು ಎಷ್ಟು ಒಪ್ಪದು ಎಂಬುದರ ಅಳತೆ) 8 ಸೆಂ.ಮೀ., ನಿಜ ದೋಣಿಗೆ 64. ಈ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅಗಲವಾದ ದೋಣಿಗೆ ಇದು ಸಲೀಸಾಗಿ ಹೆಚ್ಚು ಬರುತ್ತದೆ, ಬಂದರಿನಲ್ಲಿ ಕಾಲಿಟ್ಟರೆ ಅಲುಗದು. ಕಡಲಲ್ಲಿ ಲೆಕ್ಕಕ್ಕೆ ಬರುವುದು ಮಲಗಿದ ಮೇಲೆ ಏನಾಗುತ್ತದೆ ಎನ್ನುವುದು.

ಅದಕ್ಕೆ ಎರಡನೇ ಪರೀಕ್ಷೆ. ದೋಣಿಯನ್ನು ಪೂರ್ತಿ ಪಕ್ಕಕ್ಕೆ ಮಲಗಿಸಿ, ಕೂವೆಮರದ ತುದಿ ತೊಟ್ಟಿಯ ಅಂಚು ದಾಟಿ ಹೊರಗಿರುವಂತೆ ನೋಡಿಕೊಳ್ಳಿ. ತುದಿಗೆ ಪ್ಲಾಸ್ಟಿಕ್ ಲೋಟ ನೇತುಹಾಕಿ, ಕೂವೆಮರ ಅಡ್ಡಡ್ಡ ನಿಲ್ಲುವವರೆಗೆ ಮರಳು ಸುರಿಯಿರಿ. ಆ ಲೋಟ 180 ಗ್ರಾಂ ತೂಗಿತು, ಒಡಲಿನ ನಡುವಿನಿಂದ ತುದಿಗೆ 1.2 ಮೀಟರ್ ಎಂದಿಟ್ಟುಕೊಂಡರೆ, 0.18 × 1.2 ÷ 3.8, ಸುಮಾರು 5.7 ಸೆಂ.ಮೀ. ಎತ್ತಿ ನಿಲ್ಲಿಸುವ ತೋಳು, ಅಂದರೆ ಸನ್ನೆಯ ಉದ್ದ, ಸಿಗುತ್ತದೆ, ನಿಜ ದೋಣಿಗೆ 45 ಸೆಂ.ಮೀ. 90 ಡಿಗ್ರಿಯಲ್ಲಿ ಇಷ್ಟು ಉಳಿದಿರುವ ದೋಣಿ ಹಾಯಿ ನೀರಲ್ಲಿದ್ದರೂ ಎದ್ದು ಬರುತ್ತದೆ.

ಮೂರನೆಯದಕ್ಕೆ ತೊಟ್ಟಿ ಸಾಲದು, ಕೂವೆಮರ ಕೆಳಕ್ಕೆ ಹೋಗಲು ಒಂದೂವರೆ ಮೀಟರ್ ಆಳ ಬೇಕು. ತೋಟದ ಕೃಷಿ ಹೊಂಡವೇ ಸರಿ. ಆದರೆ ಎಚ್ಚರ: ಟಾರ್ಪಾಲಿನ್ ಹಾಸಿದ ಹೊಂಡಕ್ಕೆ ಜಾರಿದವರು ಈಜು ಬಂದರೂ ಮೇಲೆ ಹತ್ತಲಾರರು. ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಬೇಕು, ಇನ್ನೊಬ್ಬರು ದಡದಲ್ಲಿರಬೇಕು. ಮುಚ್ಚಳ ಬಿಗಿದು, ದೋಣಿಯನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಬಿಡಿ. ಫೋಕ್‌ಬೋಟ್ ಒಂದೆರಡು ಕ್ಷಣ ಕೀಲ್ ಮೇಲೆತ್ತಿ ತೊನೆದಾಡಿ, ಸಣ್ಣ ಅಲೆ ತಾಗುತ್ತಲೇ ಒಂದು ಕಡೆಗೆ ಉರುಳಿ, ಕೂವೆಮರದಿಂದ ನೀರು ಸುರಿಸುತ್ತಾ ಎದ್ದು ನಿಲ್ಲುತ್ತದೆ. ಅದೇ ಉದ್ದದ, ಅದೇ ತೂಕದ, 34 ಸೆಂ.ಮೀ. ಅಗಲದ ಥರ್ಮೋಕೋಲ್ ಒಡಲು ಮಾಡಿ, ಭಾರವನ್ನು ಒಳತಳದಲ್ಲಿಟ್ಟು ಪಕ್ಕದಲ್ಲೇ ಮಗುಚಿ ನೋಡಿ. ಅದು ಚಪ್ಪಟೆ ಡೆಕ್ ಮೇಲೆ ಆರಾಮಾಗಿ ಕೂರುತ್ತದೆ, ಏಳುವ ಲಕ್ಷಣವೇ ಇಲ್ಲ. ಈಗ ಫೋಕ್‌ಬೋಟಿನ ಗುಂಡಿ ಮುಚ್ಚಳ ತೆಗೆದು ಮತ್ತೆ ಮಗುಚಿ. ಅರ್ಧ ಎದ್ದು, ನೀರು ತುಂಬಿ, ಥರ್ಮೋಕೋಲ್ ಹಿಡಿದಷ್ಟು ತೇಲಿ ನಿಲ್ಲುತ್ತದೆ. ಕಾಗದದ ಮೇಲಿನ ಸ್ಥಿರತೆಯ ಅಂಕಿಗಳೆಲ್ಲ ಕಿಂಡಿ ಮುಚ್ಚಿದೆ ಎಂಬ ಷರತ್ತಿನ ಮೇಲೆ ನಿಂತವು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ. ದೋಣಿಯನ್ನು ಸ್ವಲ್ಪ ವಾಲಿಸಿ ಬಿಟ್ಟು, ಹತ್ತು ತೊನೆದಾಟಕ್ಕೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಎಣಿಸಿ. ಕೂವೆಮರ ಕಿತ್ತು ಮತ್ತೊಮ್ಮೆ ಎಣಿಸಿ. ಕೂವೆಮರ ಇಲ್ಲದ ದೋಣಿ ಚಟಪಟ ತೊನೆಯುತ್ತದೆ. ಮೇಲಿನ ಭಾರ ತೆಗೆದರೆ ದೋಣಿ ಭದ್ರವಾಗಬೇಕಲ್ಲ ಎನಿಸುತ್ತದೆ, ಆದರೆ ಒಡೆದು ಬೀಳುವ ಅಲೆಯ ಹೊಡೆತ ಕ್ಷಣದ್ದು. ಕೂವೆಮರದ ಜಡತೆ ಆ ಕ್ಷಣ ದೋಣಿಯನ್ನು ತಡೆದು ಹಿಡಿಯುತ್ತದೆ. ಕೂವೆಮರ ಮುರಿದ ದೋಣಿ ಮುಂದಿನ ಅಲೆಗೆ ಇನ್ನೂ ಸುಲಭವಾಗಿ ಉರುಳುವುದು ಇದರಿಂದ.

ಇದಕ್ಕೆಲ್ಲ ಜನ ತಲೆಕೆಡಿಸಿಕೊಂಡದ್ದು 1979ರ ಫಾಸ್ಟ್‌ನೆಟ್ ಎಂಬ ಇಂಗ್ಲೆಂಡಿನ ಹಾಯಿದೋಣಿ ಓಟದ ನಂತರ. ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿ, ಓಟದಲ್ಲಿದ್ದ 15 ಜನ ಸತ್ತರು. ಅತಿ ಚಿಕ್ಕ ವರ್ಗದಲ್ಲಿ ಮುಗಿಸಿದ್ದು ‘ಅಸೆಂಟ್’ ಒಂದೇ, ಅದು ಕಾಂಟೆಸ್ಸಾ 32. ಅದರ ವಿನ್ಯಾಸಕ ಡೇವಿಡ್ ಸ್ಯಾಡ್ಲರ್ ಮೊದಲು ಮಾಡಿದ ಕಾಂಟೆಸ್ಸಾ 26 ಫೋಕ್‌ಬೋಟಿನಿಂದಲೇ ಹುಟ್ಟಿದ್ದು. ಕಾಂಟೆಸ್ಸಾ 32ರ ತೂಕ 9,500 ಪೌಂಡ್, ಅದರಲ್ಲಿ 4,500 ಕೀಲ್. ಅಗಲ ಕೇವಲ 9.5 ಅಡಿ. ಬಳಿಕ ಸೌತಾಂಪ್ಟನ್‌ನಲ್ಲಿ ಮಾದರಿಗಳನ್ನು ತೊಟ್ಟಿಯ ಅಲೆಗೆ ಅಡ್ಡ ಒಡ್ಡಿ ನೋಡಿದಾಗ, ಒಡೆಯುವ ಅಲೆ ದೋಣಿಯ ಉದ್ದದ 30 ಶೇಕಡಾ ಎತ್ತರವಿದ್ದರೆ ಕೆಲವು ಉರುಳಿದವು, 60 ಶೇಕಡಾ ಆದರೆ ಎಲ್ಲವೂ ಉರುಳಿದವು. ಫೋಕ್‌ಬೋಟಿಗೆ ಆ ಎತ್ತರ 4.6 ಮೀಟರ್. ಹಳೇ ಆಕಾರಕ್ಕೂ ಮಗುಚುವುದು ತಪ್ಪಿದ್ದಲ್ಲ, ಮಗುಚಿದ್ದು ಮತ್ತೆ ಏಳುತ್ತದೆ ಅಷ್ಟೇ. ಸುಹೈಲಿಯದೇ ಪ್ರತಿರೂಪವಾಗಿ ಗೋವಾದಲ್ಲಿ ಕಟ್ಟಿದ ‘ತುರೀಯ’ 2018ರ ಗೋಲ್ಡನ್ ಗ್ಲೋಬ್ ಎಂಬ ಭೂಮಿ ಸುತ್ತುವ ಓಟದಲ್ಲಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿ ಕೂವೆಮರ ಕಳೆದುಕೊಂಡಿತು, ಅದರಲ್ಲಿ ಒಬ್ಬರೇ ಇದ್ದ ಅಭಿಲಾಷ್ ಟೋಮಿ ಬೆನ್ನಿಗೆ ಪೆಟ್ಟಾಗಿ ರಕ್ಷಣೆಗೆ ಕಾಯಬೇಕಾಯಿತು. ಅವರೇ ಮುಂದಿನ ಓಟದಲ್ಲಿ ರಸ್ಲರ್ 36 ಎಂಬ ಉದ್ದ ಕೀಲ್‌ನ ದೋಣಿಯಲ್ಲಿ ಭೂಮಿ ಸುತ್ತಿ 2023ರಲ್ಲಿ ಎರಡನೆಯವರಾಗಿ ಬಂದರು. ಇನ್ನೊಂದು ಕಡೆ, ಜೋಶುವಾ ಸ್ಲೋಕಮ್ ಅವರ ‘ಸ್ಪ್ರೇ’ ಅಗಲವಾದ, ಒಳಭಾರದ ದೋಣಿ. ಮಗುಚಿದ್ದರೆ ಎದ್ದು ಬರುವ ಜಾತಿಯಲ್ಲ. 1895ರಿಂದ 1898ರವರೆಗೆ ಅದರಲ್ಲೇ ಅವರು ಒಬ್ಬರೇ ಭೂಮಿ ಸುತ್ತಿದರು. ಅಲೆಗೆ ಅಡ್ಡ ಬೀಳದ ಹಾಗೆ ನೇರ ಓಡುವುದೂ ಒಂದು ರಕ್ಷಣೆಯೇ.

ಕೆರೆಯಲ್ಲಿ ಬಿಟ್ಟಾಗ ಮೊದಲು ಬೇಸರ ತರುವುದು ತಿರುಗುವುದು. ಉದ್ದ ಕೀಲ್ ಗಾಳಿಗೆ ಎದುರು ತಿರುಗುವಾಗ ನಡುವೆ ನಿಂತುಬಿಡುತ್ತದೆ. ಮುಂಚೆ ಸ್ವಲ್ಪ ಗಾಳಿಯಿಂದ ಹೊರಕ್ಕೆ ಬಿಟ್ಟು ವೇಗ ಕೂಡಿಸಿ, ಚುಕ್ಕಾಣಿಯನ್ನು 30 ಡಿಗ್ರಿಗಿಂತ ಹೆಚ್ಚು ತಿರುಗಿಸದೆ ನಿಧಾನವಾಗಿ ತಿರುಗಿಸಿ. ಒಮ್ಮೆಲೇ ಪೂರ್ತಿ ತಿರುಗಿಸಿದರೆ ಚುಕ್ಕಾಣಿ ಬ್ರೇಕಾಗುತ್ತದೆ. ನಿಂತೇಬಿಟ್ಟರೆ ಚುಕ್ಕಾಣಿಯನ್ನು ವಿರುದ್ಧ ದಿಕ್ಕಿಗೆ ಹಿಡಿದು ಹಿಂದಕ್ಕೆ ತೇಲಲು ಬಿಡಿ, ಮೂತಿ ತಾನಾಗಿ ಹೊರಳುತ್ತದೆ. ಜಲಸಸ್ಯದ ವಿಷಯದಲ್ಲಿ ಹಳೇ ಆಕಾರ ಗೆಲ್ಲುತ್ತದೆ: ಮುಂದಿನಿಂದ ಓರೆಯಾಗಿ ಇಳಿದ ಕೀಲ್‌ಗೂ ಅದರ ಬೆನ್ನಿಗಂಟಿದ ಚುಕ್ಕಾಣಿಗೂ ಬಳ್ಳಿ ಸಿಕ್ಕಿಕೊಳ್ಳದೆ ಜಾರುತ್ತದೆ. ಈಗಿನ ತೆಳು ರೆಕ್ಕೆ ಕೀಲ್‌ನವು ಕೊರಳ ತುಂಬ ಬಳ್ಳಿ ಹೊದ್ದು ನಿಲ್ಲುತ್ತವೆ. ಕಡಲಲ್ಲಿ ಮೀನುಬಲೆಗೂ ಇದೇ ಮಾತು.

ವಾಣಿವಿಲಾಸ ಸಾಗರದ ಹಿನ್ನೀರು ಇದಕ್ಕೆ ವಿಶಾಲ, ಆದರೆ ಕೇಳಿಕೊಂಡೇ ಬಿಡಿ, ಕಟ್ಟೆಯ ಹತ್ತಿರ ಬೇಡವೇ ಬೇಡ. ಗಾಳಿ ನಿಮ್ಮ ಬೆನ್ನಿಗಲ್ಲ, ಮುಖಕ್ಕೆ ಬೀಸುವ ದಡದಲ್ಲಿ ನಿಲ್ಲಿ. ಬ್ಯಾಟರಿ ಮುಗಿದರೆ ದೋಣಿ ನಿಮ್ಮ ಕಡೆಗೇ ತೇಲಿ ಬರುತ್ತದೆ. ನಡುವೆ ಸಿಕ್ಕಿಕೊಂಡರೆ ಈಜಿ ಹೋಗಬೇಡಿ. ಗಾಳದ ಕೋಲಿನ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆದು, ದಾರ ಕೂವೆಮರಕ್ಕೆ ತೊಡರಿದ ಮೇಲೆ ಮೆಲ್ಲಗೆ ಸುತ್ತಿಕೊಳ್ಳಿ. ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದು ಒಣಗಲು ಬಿಡಿ, ಕೀಲ್ ಮೇಲೆ ಭಾರ ಬೀಳದ ಹಾಗೆ ಒಡಲಿಗೆ ಒಪ್ಪುವ ಮರದ ತೊಟ್ಟಿಲಲ್ಲಿ ಇಡಿ.